ಬಳೆ ಅಳತೆಗೆ ಕೊರೆದ ಪಿಸ್ತೂಲಿನ ಹಿಡಿ

ಕೊರೊನಾ ಕಳೆದ ಮರುವರ್ಷ ನಾನು ಹಾಸನದ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲುಗಳಿಗೆ ಹಿಡಿ ಕೂರಿಸುವ ಕೆಲಸ ಮಾಡುತ್ತಿದ್ದೆ. ನನ್ನ ಊರು ಹೊಳೆನರಸೀಪುರ. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯಕ್ಕೆ ಸೇರಿದವನು ಆರ್ಮರರ್ ಕೆಲಸ, ಎಂದರೆ ಬಂದೂಕುಗಳ ರಿಪೇರಿ ಕಲಿತೆ. ಹವಾಲ್ದಾರನಾಗಿ ನಿವೃತ್ತನಾಗಿ ಬಂದ ಮೇಲೆ ಈ ಕ್ಲಬ್ಬಿನವರು ಕರೆದರು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಈ ಕೆಲಸ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಸ್ವಲ್ಪ ಹೇಳುತ್ತೇನೆ. ಸ್ಪರ್ಧೆಯ ಪಿಸ್ತೂಲಿನಲ್ಲಿ ಗುರಿಯ ಅರ್ಧ ಪಾಲು ಹಿಡಿಯಲ್ಲಿದೆ. ಅದಕ್ಕೆ ಗ್ರಿಪ್ ಎನ್ನುತ್ತಾರೆ. ಅದು ಕೈಗೆ ಸಣ್ಣದಾದರೆ ತೋರುಬೆರಳು ಟ್ರಿಗರ್ ದಾಟಿ ಒಳಕ್ಕೆ ಹೋಗುತ್ತದೆ, ಗುಂಡು ಪಕ್ಕಕ್ಕೆ ಸರಿಯುತ್ತದೆ. ಗುಂಡು ತುಂಬಿದ ಮ್ಯಾಗಜಿನ್ ಹಿಡಿಯ ತಳದಿಂದ ಒಳಗೆ ಹೋಗುತ್ತದೆ. ಆ ತಳದ ಬಾಯಿಗೆ ಮ್ಯಾಗ್‌ವೆಲ್ ಎಂದು ಹೆಸರು. ಅವಸರದಲ್ಲಿ ಮ್ಯಾಗಜಿನ್ ತಡವರಿಸದೆ ಒಳಗೆ ಜಾರಲಿ ಎಂದು ಆ ಬಾಯಿಗೆ ಆಲಿಕೆಯಂಥ ಅಗಲವಾದ ಅಂಚು ಕೂರಿಸುತ್ತೇವೆ. ಕೈ ದೊಡ್ಡದಿದ್ದವರಿಗೆ ಇಲ್ಲೇ ತೊಂದರೆ. ಅವರ ಅಂಗೈ ಹಿಡಿಯಿಂದ ಕೆಳಗೆ ಇಳಿದಿರುತ್ತದೆ. ಮ್ಯಾಗಜಿನ್ನನ್ನು ಜೋರಾಗಿ ಒತ್ತಿದಾಗ ಅದರ ತಳಕ್ಕೂ ಹಿಡಿಯ ಅಂಚಿಗೂ ನಡುವೆ ಮಾಂಸ ಸಿಕ್ಕಿಕೊಳ್ಳುತ್ತದೆ. ಬಾಗಿಲ ಸಂದಿಗೆ ಬೆರಳು ಸಿಕ್ಕಿದಂತೆ.

ಕ್ಲಬ್ಬಿನ ಕೋಚ್ ಪದ್ಮರಾಜಯ್ಯನವರು ಚನ್ನರಾಯಪಟ್ಟಣದ ಜೈನರು. ಕತ್ತಲಾದ ಮೇಲೆ ಊಟ ಮುಟ್ಟದವರು, ಗುರಿ ಹೊಡೆಯುವ ರೇಂಜಿನಲ್ಲಿ ಇರುವೆ ಸಾಲು ಕಂಡರೂ ದಾಟಿ ನಡೆಯುವವರು. ಇಂಥವರು ಬಂದೂಕು ಕಲಿಸುವುದೇ ಎಂದು ಯಾರಾದರೂ ಹಾಸ್ಯ ಮಾಡಿದರೆ, "ಕಾಗದಕ್ಕೆ ಜೀವ ಇಲ್ಲ ಕಣ್ರೀ, ಅದಕ್ಕೆ ಎಷ್ಟು ಬೇಕಾದ್ರೂ ತೂತು ಮಾಡ್ತೀನಿ" ಎನ್ನುತ್ತಿದ್ದರು. ಅವರೇ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಹವಾಲ್ದಾರ್ರೇ, ನೇತ್ರಾವತಿಗೆ ಒಂದು ಹಿಡಿ ಆಗ್ಬೇಕು. ಕೈ ದೊಡ್ಡದು, ನೋಡ್ಕೊಂಡು ಮಾಡಿ" ಎಂದರು.

ನೇತ್ರಾವತಿ ಅರಕಲಗೂಡಿನ ಕಡೆಯವಳು. ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಯಸ್ಸು ಮೂವತ್ತು ದಾಟಿತ್ತು. ಶಾಲೆಯ ಮಕ್ಕಳನ್ನು ರೇಂಜ್ ತೋರಿಸಲು ಕರೆತಂದವಳು ತಾನೇ ಕಲಿಯಲು ನಿಂತಿದ್ದಳು. ರಾಜ್ಯಮಟ್ಟದ ಸ್ಪರ್ಧೆಗೆ ನಮ್ಮ ಕ್ಲಬ್ಬಿನಿಂದ ಇಬ್ಬರು ಹೆಂಗಸರನ್ನು ಕಳಿಸುವುದಿತ್ತು. ಮೊದಲ ಆಯ್ಕೆಯಲ್ಲಿ ಒಬ್ಬರು, ತಿಂಗಳ ನಂತರದ ಎರಡನೆಯ ಆಯ್ಕೆಯಲ್ಲಿ ಇನ್ನೊಬ್ಬರು. ಈ ವರ್ಷ ಆಗದಿದ್ದರೆ ಬಂದೂಕಿನ ಸುದ್ದಿಗೇ ಹೋಗುವುದಿಲ್ಲ ಎಂದು ಅವಳು ಗಂಡನಿಗೆ ಮಾತು ಕೊಟ್ಟು ಬಂದಿದ್ದಳು.

ಅಳತೆ ತೆಗೆಯಲು ಒಂದು ಕ್ರಮವಿದೆ. ಮರದ ಡಮ್ಮಿ ಪಿಸ್ತೂಲಿಗೆ ಮೆತ್ತನೆಯ ಪುಟ್ಟಿ ಮೆತ್ತಿ ಶೂಟರ್ ಕೈಗೆ ಕೊಡಬೇಕು. ಅವರು ಹಿಡಿದ ಮೇಲೆ ನಾವು ಅವರ ಕೈಯ ಮೇಲೆ ಕೈ ಇಟ್ಟು ಒಂದೊಂದೇ ಬೆರಳನ್ನು ಒತ್ತಿ ಕೂರಿಸಬೇಕು. ಸೈನ್ಯದಲ್ಲಿ ಎಷ್ಟೋ ಜವಾನರಿಗೆ ಹೀಗೆ ಮಾಡಿದ್ದೆ. ಆದರೆ ಹೆಂಗಸೊಬ್ಬಳ ಕೈ ಹಿಡಿದು ಬೆರಳು ಒತ್ತುವುದು ನನ್ನಿಂದ ಆಗಲಿಲ್ಲ. ನಮ್ಮಪ್ಪ ಹೊಳೆನರಸೀಪುರದ ಪೇಟೆಯಲ್ಲಿ ಬಳೆಗಾರ. ಊರಿನ ಹೆಂಗಸರೆಲ್ಲ ಅಳುಕಿಲ್ಲದೆ ಅವನ ಮುಂದೆ ಕೈ ಚಾಚುತ್ತಿದ್ದರು. ಅವನ ಮಗನಾದ ನನಗೆ ನಾಚಿಕೆ! ಅಂಗಡಿಯಲ್ಲಿ ಬೆಳೆದವನಿಗೆ ಬಳೆ ಸೈಜು ಹೇಳಿದರೆ ಕೈ ಕಣ್ಣ ಮುಂದೆ ಬರುತ್ತದೆ ಎಂಬ ಜಂಬವೂ ಇತ್ತು. ಅದಕ್ಕೆ ಅವಳು ನಿಂತಿದ್ದ ಕಡೆಗೆ ಸರಿಯಾಗಿ ನೋಡದೆಯೇ ಕೇಳಿದೆ.

"ಬಳೆ ಯಾವ ಸೈಜಮ್ಮ?"

"ಟೂ ಸಿಕ್ಸ್ ಸಾ. ಯಾಕೆ?"

"ಸುಮ್ನೆ. ಸಾಕು, ಅಳತೆ ಸಿಕ್ತು."

ಟೂ ಸಿಕ್ಸ್ ಎಂದರೆ ನಡುಗಾತ್ರದ ಬಳೆ. ಇಷ್ಟು ಅಳತೆಯ ಬಳೆ ಏರುವ ಕೈ ಎಷ್ಟು ದೊಡ್ಡದಿದ್ದೀತು, ಪದ್ಮರಾಜಯ್ಯನವರಿಗೆ ಭ್ರಮೆ ಎಂದುಕೊಂಡೆ. ಹಲಸಿನ ಮರದಲ್ಲಿ ಒಂದು ಹಿಡಿ ಕೊರೆದೆ. ನೋಡಲು ಚೆನ್ನಾಗಿಯೇ ಇತ್ತು. ಅದರ ತಳಕ್ಕೆ ಮಾಮೂಲಿ ಮ್ಯಾಗ್‌ವೆಲ್ ಕೂರಿಸಿದೆ. ಅವಳು ಒಂದೆರಡು ಸಲ ಅಭ್ಯಾಸ ಮಾಡಿ, "ಸ್ವಲ್ಪ ಬಿಗಿ ಅನ್ಸುತ್ತೆ ಸಾ" ಎಂದಳು. ಹೊಸ ಚಪ್ಪಲಿಯೂ ಬಿಗಿಯೇ, ಪಳಗಲಿ ಎಂದೆ.

ಮೊದಲ ಆಯ್ಕೆಯ ದಿನ ನಾಲ್ಕು ಜನ ಹೆಂಗಸರಿದ್ದರು. ಐದು ಗುಂಡು ಹೊಡೆದು, ಮ್ಯಾಗಜಿನ್ ಬದಲಿಸಿ, ಮತ್ತೆ ಐದು ಹೊಡೆಯಬೇಕು. ಅಂಕವೂ ಲೆಕ್ಕ, ಸಮಯವೂ ಲೆಕ್ಕ. ನೇತ್ರಾವತಿಯ ಮೊದಲ ಐದು ಗುಂಡುಗಳೂ ಒಂದೇ ಕಡೆಗೆ, ಬಲಕ್ಕೆ ಸರಿದು ಬಿದ್ದವು. ಅದು ಬೆರಳು ಒಳಕ್ಕೆ ಹೋಗುತ್ತಿರುವ ಗುರುತು ಎಂದು ನನಗೆ ಆಗಲೇ ಗೊತ್ತಾಯಿತು. ಮ್ಯಾಗಜಿನ್ ಬದಲಿಸುವಾಗ ಅವಳು ಎಡಗೈಯಿಂದ ಅದನ್ನು ಒತ್ತಿದಳು. ಅದು ಪೂರ್ತಿ ಕೂರಲಿಲ್ಲ. ಇನ್ನೊಮ್ಮೆ ಜೋರಾಗಿ ಹೊಡೆದಳು. ಕೂತಿತು. ಅವಳು ತುಟಿ ಕಚ್ಚಿದ್ದು ಮಾತ್ರ ಕಂಡಿತು. ಉಳಿದ ಐದೂ ಗುಂಡು ಮುಗಿಸಿ, ಪಿಸ್ತೂಲು ಖಾಲಿ ಮಾಡಿ ತೋರಿಸಿ, ಮೇಜಿನ ಮೇಲಿಟ್ಟಳು. ಹಲಸಿನ ಹಳದಿಯ ಮೇಲೆ ರಕ್ತ ಇಳಿದಿತ್ತು. ಅಂಗೈಯ ಕೆಳಗಿನ ಮಾಂಸ ಸಿಕ್ಕಿ ಹರಿದಿತ್ತು. ಆ ನೋವಿನಲ್ಲಿ ಐದು ಗುಂಡು ಹೊಡೆದಿದ್ದಳು.

ಅವಳಿಗೆ ಕೊನೆಯ ಸ್ಥಾನ ಬಂತು. ಎಲ್ಲರೂ ಸುತ್ತ ಸೇರಿದರು. ಪದ್ಮರಾಜಯ್ಯನವರು ನನ್ನ ಮುಖ ನೋಡಿ, "ಅಳತೆ ನೀವೇ ಕೂತು ತಗೊಂಡಿದ್ದು ತಾನೆ?" ಎಂದರು.

"ಹೌದು ಸಾರ್, ಸರಿಯಾಗೇ ತಗೊಂಡಿದ್ದೆ" ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಅವಳ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ, "ಹಿಡಿಯಲ್ಲಿ ದೋಷ ಇಲ್ಲಮ್ಮ. ನಿನ್ನ ಕೈಯೇ ಹೆಚ್ಚಾಯ್ತು. ಹೆಂಗಸ್ರಿಗೆ ಇಷ್ಟು ದೊಡ್ಡ ಕೈ ಇದ್ರೆ ಯಾರೇನು ಮಾಡಕ್ಕಾಯ್ತದೆ?" ಎಂದೆ.

ಅವಳು ಜಗಳವಾಡಲಿಲ್ಲ. "ಅದು ಯಾವತ್ತೂ ಇದ್ದದ್ದೇ ಬಿಡಿ ಸಾ" ಎಂದು ಕರವಸ್ತ್ರ ಸುತ್ತಿದ ಕೈಯನ್ನು ದುಪಟ್ಟಾದೊಳಗೆ ಸೇರಿಸಿಕೊಂಡಳು. ಚಿಕ್ಕಂದಿನಿಂದ ಕೇಳಿ ಕೇಳಿ ಅಭ್ಯಾಸವಾದ ಮಾತಿಗೆ ಕೊಡುವ ಉತ್ತರ ಅದು. ಆಮೇಲೆ ರೇಂಜಿಗೆ ಬರುವುದನ್ನೇ ಬಿಟ್ಟಳು.

ಎರಡು ವಾರ ನನಗೆ ಅನ್ನ ಸೇರಲಿಲ್ಲ ಎಂದರೆ ಸುಳ್ಳಾದೀತು. ಊಟ ಮಾಡುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಆದರೆ ಆ ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿ ತೊಳೆದಾಗ ಮರದೊಳಗೆ ಇಳಿದಿದ್ದ ಕಲೆ ಹೋಗಲಿಲ್ಲ. ಅದನ್ನು ಒಲೆಗೆ ಹಾಕಲು ನೋಡಿದೆ, ಕೈ ಬರಲಿಲ್ಲ. ಒಂದು ಬೆಳಿಗ್ಗೆ ಮರದ ಡಮ್ಮಿ ಮತ್ತು ಪುಟ್ಟಿ ಡಬ್ಬಿ ಚೀಲಕ್ಕೆ ಹಾಕಿಕೊಂಡು ಅರಕಲಗೂಡು ಬಸ್ಸು ಹತ್ತಿದೆ.

ಅವಳ ಮನೆ ಟೌನಿನಿಂದ ಆಚೆ, ರಸ್ತೆಯಿಂದ ಒಂದಷ್ಟು ಒಳಗೆ. ಅದು ಹೊಗೆಸೊಪ್ಪು ವಿಂಗಡಿಸುವ ಕಾಲ. ಅಂಗಳದಲ್ಲಿ ಒಣಗಿದ ಸೊಪ್ಪಿನ ರಾಶಿಯ ಸುತ್ತ ಹೆಂಗಸರು ಕೂತು ಬಣ್ಣ ನೋಡಿ ಎಲೆ ಬೇರೆ ಮಾಡಿ ಕಟ್ಟು ಕಟ್ಟುತ್ತಿದ್ದರು. ಶಾಲೆಗೆ ರಜೆಯಿದ್ದ ಕಾರಣ ನೇತ್ರಾವತಿಯೂ ಅಲ್ಲಿದ್ದಳು. ನಾನು ಬಂದದ್ದನ್ನು ಅವಳು ನೋಡಿರಲಿಲ್ಲ. ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ.

ಬೇರೆಯವರು ಎಲೆಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು, ಎರಡು ಕೈಯಲ್ಲಿ ಒತ್ತಿ, ಪಕ್ಕದವಳಿಂದ ಕಟ್ಟಿಸುತ್ತಿದ್ದರು. ಇವಳು ಅಷ್ಟೇ ಎಲೆಗಳನ್ನು ಎಡಗೈ ಒಂದರಲ್ಲೇ ಹಿಡಿದಿದ್ದಳು. ಬೆರಳುಗಳು ಸುತ್ತ ಬಳಸಿ ಬಂದು ಒಂದನ್ನೊಂದು ಮುಟ್ಟುತ್ತಿದ್ದವು. ಬಲಗೈ ಎಲೆ ಆರಿಸುತ್ತಿತ್ತು, ತೊಟ್ಟು ಸಮ ಮಾಡುತ್ತಿತ್ತು, ಸುತ್ತಿ ಕಟ್ಟುತ್ತಿತ್ತು. ಮುಟ್ಟಿದರೆ ಪುಡಿಯಾಗುವ ಎಲೆ, ಒಂದರ ಅಂಚೂ ಮುರಿಯುತ್ತಿರಲಿಲ್ಲ. ಅಷ್ಟು ಬಲ, ಅಷ್ಟು ಹಗುರ, ಎರಡೂ ಒಂದೇ ಕೈಯಲ್ಲಿ ಇರುವುದನ್ನು ನಾನು ಸೈನ್ಯದಲ್ಲೂ ಕಂಡಿರಲಿಲ್ಲ. ದೇವಸ್ಥಾನದಲ್ಲಿ ನಿಂತ ಹಾಗೆ ಚಪ್ಪಲಿ ಬಿಡಬೇಕು ಅನ್ನಿಸಿತು. ಗೇಟಿನಲ್ಲೇ ನಿಜವಾಗಿಯೂ ಬಿಟ್ಟೆ.

ಅವಳ ಅತ್ತೆ ನನ್ನನ್ನು ನೋಡಿ, "ಯಾರಪ್ಪಾ ಅದು, ಬೀಗ್ರ ಮನೆಗೆ ಬಂದಂಗೆ ನಿಂತವ್ರೆ? ಒಳಿಕ್ ಬನ್ನಿ ಯಜಮಾನ್ರೇ" ಎಂದರು.

ಕೂತೆ. ನೀರು ಕುಡಿದೆ. ಸುತ್ತಿ ಬಳಸಿ ಹೇಳಿದರೆ ಧೈರ್ಯ ಕರಗುತ್ತದೆಂದು ನೇರವಾಗಿ ಹೇಳಿದೆ. "ನಿನ್ನ ಕೈ ಅಳತೆ ನಾನು ತಗೊಳ್ಳಲೇ ಇಲ್ಲಮ್ಮ. ಬಳೆ ಸೈಜು ಕೇಳಿ ಅಂದಾಜಲ್ಲಿ ಕೊರೆದೆ. ಸರಿಯಾಗಿ ತಗೊಂಡೆ ಅಂತ ಕೋಚ್‌ಗೆ ಸುಳ್ಳು ಹೇಳಿದೆ. ತಪ್ಪು ನನ್ನದು, ನಿನ್ನ ಕೈಯದಲ್ಲ."

ಸೊಪ್ಪು ಕಟ್ಟುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಅತ್ತೆ ನಗಲು ಶುರುಮಾಡಿದರು.

"ಬಳೆ ಅಳ್ತೆಗೆ ಪಿಸ್ತೂಲಾ? ಇವ್ಳ ಕೈ ಬೆಣ್ಣೆ ಕಣಪ್ಪಾ, ಮಡಿಚಿದ್ರೆ ಮಗೀನ್ ಬಳೇನೂ ಓಯ್ತದೆ! ಬಿಚ್ಚಿದ್ರೆ ಮೊರ!" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅಲ್ಲಾ, ಈ ವಯಸ್ನಾಗೆ ಕೈ ಇಡಿಯಕ್ಕೆ ಅದೆಂಥ ನಾಚ್ಕೆ ಕಣ್ಲಾ ನಿಂಗೆ?" ಎಂದರು. 'ಯಜಮಾನ್ರೇ' ಹೋಗಿ 'ಲಾ' ಬಂದಿತ್ತು. ಅದು ನನಗೆ ಸಲ್ಲುವುದೇ ಆಗಿತ್ತು.

ಮುದುಕಿ ಹಾಸ್ಯಕ್ಕೆ ಹೇಳಿದ ಮಾತಿನಲ್ಲಿ ನನ್ನ ತಪ್ಪಿನ ಬುಡವೇ ಇತ್ತು. ಬಳೆ ತೋರಿಸುವುದು ಕೈ ಎಷ್ಟು ಸಣ್ಣದಾಗಬಲ್ಲದು ಎಂಬುದನ್ನು. ಹಿಡಿಗೆ ಬೇಕಾದದ್ದು ಕೈ ಎಷ್ಟು ದೊಡ್ಡದು ಎಂಬುದು.

ನೇತ್ರಾವತಿ ನಗಲಿಲ್ಲ. ಕಟ್ಟನ್ನು ಕೆಳಗಿಟ್ಟು, "ಸಾ, ಇಲ್ಲಿಗೆ ಬಂದು ಹೇಳಿದ್ರಿ, ಸಂತೋಷ. ಆದ್ರೆ ಕೈ ಹೆಚ್ಚಾಯ್ತು ಅಂತ ಅವತ್ತು ಎಲ್ರ ಮುಂದೆ ಅಂದಿದ್ದು. ಇದನ್ನೂ ಅಲ್ಲೇ ಹೇಳ್ತೀರಾ? ಹೇಳೋದಾದ್ರೆ ಬತ್ತೀನಿ. ಇಲ್ಲಾಂದ್ರೆ ಟೀ ಕುಡ್ಕೊಂಡು ಹೋಗಿ" ಎಂದಳು.

ಹೇಳುತ್ತೇನೆ ಎಂದೆ. ಅವಳು ಕೈ ತೊಳೆದು ಬಂದು ನನ್ನ ಮುಂದೆ ಚಾಚಿದಳು.

ಹಿಡಿದುಕೊಂಡೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ಇನ್ನೂರ ಎಂಟು ಮಿಲಿಮೀಟರು. ಆ ಉದ್ದದ ಕೈಯಿರುವ ಗಂಡಸರಿಗೂ ನಾನು ಹೆಚ್ಚು ಹಿಡಿ ಮಾಡಿರಲಿಲ್ಲ. ಅಂಗೈಯ ಬುಡದಲ್ಲಿ ಹೊಸ ಚರ್ಮ ಬಂದ ಗಾಯ ಕೆಂಪಗೆ ಹೊಳೆಯುತ್ತಿತ್ತು. ಪುಟ್ಟಿಯ ಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತುವಾಗ, ಜೀವಮಾನವಿಡೀ ಕೈಗಳ ಕೆಲಸವನ್ನೇ ಮಾಡಿದ ನಾನು ಈಗಷ್ಟೇ ಒಂದು ಕೈ ನೋಡುತ್ತಿದ್ದೇನೆ ಅನ್ನಿಸಿತು.

ಹೊಸ ಹಿಡಿಯಲ್ಲಿ ಬೆನ್ನಿನ ಭಾಗವನ್ನು ದಪ್ಪ ಮಾಡಿದೆ, ಬೆರಳು ಟ್ರಿಗರಿಗೆ ಎಷ್ಟು ಬೇಕೋ ಅಷ್ಟೇ ತಲುಪುವಂತೆ. ಅಂಗೈಯ ಗುಳಿಗೆ ತಕ್ಕಂತೆ ಉಬ್ಬು ಬಿಟ್ಟೆ. ಮ್ಯಾಗ್‌ವೆಲ್ಲನ್ನು ಕೆಳಕ್ಕೆ ಉದ್ದವಾಗಿ ಚಾಚಿಸಿ ಕಿರುಬೆರಳು ಅದರ ಅಂಚಿನ ಮೇಲೆ ಕೂರುವ ಹಾಗೆ ಮಾಡಿದೆ. ಇನ್ನು ಮಾಂಸ ಸಿಕ್ಕಲು ಸಂದಿಯೇ ಇಲ್ಲ. ಪಿಸ್ತೂಲಿಗೆ ಜೋಡಿಸಿ ನೋಡಿದ್ದು ಕ್ಲಬ್ಬಿನಲ್ಲೇ, ಕೋಚ್ ಎದುರಿಗೆ.

ಎರಡನೆಯ ಆಯ್ಕೆಯ ಬೆಳಿಗ್ಗೆ ಎಲ್ಲರೂ ಸೇರಿದ ಮೇಲೆ ಎರಡು ನಿಮಿಷ ಬೇಕೆಂದು ಪದ್ಮರಾಜಯ್ಯನವರನ್ನು ಕೇಳಿಕೊಂಡೆ. ರಕ್ತದ ಕಲೆಯಿದ್ದ ಹಳೆಯ ಹಿಡಿಯನ್ನು ಮೇಲೆತ್ತಿ ತೋರಿಸಿ, ಮಾಡಿದ್ದನ್ನೂ ಆಡಿದ್ದನ್ನೂ ಬಿಡದೆ ಹೇಳಿದೆ. ಹೇಳಿ ಮುಗಿಸುತ್ತಲೇ ಹಿಂದಿನಿಂದ ಒಬ್ಬರು, "ಹಂಗಾದ್ರೆ ಹವಾಲ್ದಾರ್ರೇ, ನನ್ನ ಹಿಡಿ ಯಾವ ಬಳೆ ಸೈಜಿಂದು?" ಎಂದರು. ರೇಂಜೆಲ್ಲ ನಕ್ಕಿತು. ನೇತ್ರಾವತಿಯೂ ನಕ್ಕಳು. ಪದ್ಮರಾಜಯ್ಯನವರು ಮಾತ್ರ ನಗದೆ ಹತ್ತಿರ ಬಂದು, "ಆ ದಿನ ನಾನು ನಿಮ್ಮ ಮಾತು ನಂಬಿದ್ದೆ" ಎಂದು ಮೆಲ್ಲಗೆ ಹೇಳಿ ತಮ್ಮ ಜಾಗಕ್ಕೆ ಹೋದರು. ಆ ಒಂದು ಮಾತು ಇಂದಿಗೂ ಚುಚ್ಚುತ್ತದೆ.

ಅವಳ ಸರದಿ ಬಂತು. ಮೊದಲ ಐದೂ ಗುಂಡು ಗುರಿಕಾಗದದ ನಡುವಿನ ಕಪ್ಪಿನೊಳಗೆ. ಖಾಲಿ ಮ್ಯಾಗಜಿನ್ ಬಿದ್ದ ಸದ್ದು ಕೇಳಿಸಿತು. ಹೊಸದು ಒಳಗೆ ಹೋದದ್ದು ನನಗೆ ಕಾಣಲೇ ಇಲ್ಲ. ಕಣ್ಣು ಮಿಟುಕಿಸಿದ್ದೆನೋ ಏನೋ, ಅಷ್ಟರಲ್ಲಿ ಆರನೆಯ ಗುಂಡು ಹೋಗಿತ್ತು. ಕೈ ಅಲುಗಲಿಲ್ಲ, ಹಿಡಿತ ಬದಲಾಗಲಿಲ್ಲ. ಆ ಪಿಸ್ತೂಲು ಅವಳ ಕೈಯಲ್ಲಿ ಮಗುವಿನ ಆಟದ ಸಾಮಾನಿನಷ್ಟು ಸಣ್ಣದಾಗಿ, ಅಷ್ಟೇ ನಿಶ್ಚಲವಾಗಿ ನಿಂತಿತ್ತು. ಕೆಲಸ ಮಾಡಿದವನು ನಾನೇ ಆದರೂ ನನ್ನ ಕೆಲಸ ನನಗೆ ಕಾಣಲಿಲ್ಲ, ಆ ಕೈ ಮಾತ್ರ ಕಂಡಿತು.

ಅವಳು ಆಯ್ಕೆಯಾದಳು. ರಾಜ್ಯದ ಸ್ಪರ್ಧೆಯಲ್ಲಿ ಪದಕ ಬರಲಿಲ್ಲ, ಹಾಗೆಂದು ಅವಳು ಬಿಡಲೂ ಇಲ್ಲ. ಗಂಡನಿಗೆ ಕೊಟ್ಟ ಮಾತು ಏನಾಯಿತೆಂದು ನಾನು ಕೇಳಲಿಲ್ಲ.

ನನಗೆ ಈ ಕೆಲಸ ಕಲಿಸಿದ್ದು ಇಷ್ಟು. ಮರವನ್ನು ಕೊರೆಯಬಹುದು, ಕೆತ್ತಬಹುದು, ಸಾಲದಿದ್ದರೆ ಬಿಸಾಕಿ ಹೊಸದು ಮಾಡಬಹುದು. ಅದು ಹೊಂದದಿದ್ದಾಗ ಮನುಷ್ಯನ ಕೈಯನ್ನು ಹೆಚ್ಚು ಅಥವಾ ಕಡಿಮೆ ಎನ್ನಲು ನಮಗೆ ಅಧಿಕಾರವಿಲ್ಲ. ಅಂದಿನಿಂದ ಯಾರೇ ಬರಲಿ, ಮೊದಲು ಕೇಳಿ, ಒಪ್ಪಿದರೆ ಕೈ ಹಿಡಿದು ನೋಡಿಯೇ ಉಳಿ ಮುಟ್ಟಿದ್ದು.

ಸ್ಪರ್ಧೆ ಮುಗಿಸಿ ಬಂದ ವಾರ ನೇತ್ರಾವತಿ ಬಲಗೈಯನ್ನು ನನ್ನ ಮೇಜಿನ ಮೇಲೆ, ಬೆಳಕು ಬೀಳುವ ಕಡೆ, ಬೆರಳು ಬಿಡಿಸಿ ಇಟ್ಟಳು. ಸುತ್ತ ಜನರಿದ್ದರು.

"ಸಾ, ಕಿರುಬೆರಳಿಗೆ ಜಾಗ ಸಾಲ್ದು. ಇನ್ನೊಂದು ನೂಲಷ್ಟು ಕೆರೆದ್ಬುಡಿ" ಎಂದಳು.

ಅರ ತೆಗೆದುಕೊಂಡು ಕೆಲಸಕ್ಕೆ ಕೂತೆ.