ಮಾವನ ಅಂಗಡಿಯ ಫೋನು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಟ್ರಂಕಿನ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಯುವುದು ನನ್ನ ಕೆಲಸ. ಅಲ್ಲಿ ಅಕ್ಷರ ನೆಟ್ಟಗೆ ನಿಲ್ಲುತ್ತದೆ, ಕಾಗದದ ಮೇಲೆ ವಾಲುತ್ತದೆ. ಪದಗಳೂ ಹಾಗೆಯೇ, ಬೇಕಾದಾಗ ಸಿಗುವುದಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಪಾಠ ಓದು ಎಂದರೆ ಗಂಟಲು ಕಟ್ಟಿಕೊಳ್ಳುತ್ತಿತ್ತು, ಹಿಂದಿನ ಬೆಂಚಿನವರು ನಗುತ್ತಿದ್ದರು. ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ಬರೆಯುತ್ತಿರುವುದು ನನ್ನ ಸೋದರಮಾವನ ಬಗ್ಗೆ. ಅಮ್ಮ ತೀರಿಕೊಂಡ ಮೇಲೆ ನಾನು ಅವರ ಜೊತೆಗಿದ್ದೇನೆ. ಅವರು ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದರು. ಅದರಲ್ಲಿ ಹನ್ನೊಂದು ವರ್ಷ ಹೊಸಬರಿಗೆ ಗುಂಡು ಹೊಡೆಯಲು ಕಲಿಸಿದರು. ಆ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಕೂಗಿದರೆ ಮಾತ್ರ ಕೇಳುತ್ತದೆ. ಮದುವೆಯಾಗಲಿಲ್ಲ. ಈಗ ಬಸ್ ನಿಲ್ದಾಣದ ಎದುರು ಟ್ರಂಕು, ಬೂಟು, ಕಾಲುಚೀಲ ಮಾರುವ ಅಂಗಡಿ ಇಟ್ಟಿದ್ದಾರೆ. ಹಿಂದಿನ ಕೋಣೆಯಲ್ಲಿ ನಮ್ಮ ವಾಸ: ಎರಡು ಮಂಚ, ಒಂದು ಸ್ಟವ್. ಕೂಗಿ ಮಾತಾಡಲು ನನಗೆ ಬರುವುದಿಲ್ಲ, ಮೆಲ್ಲಗೆ ಹೇಳಿದರೆ ಅವರಿಗೆ ಕೇಳುವುದಿಲ್ಲ. ಕೆಲವು ದಿನ ಬೆಳಗಿನಿಂದ ದೀಪ ಆರಿಸುವವರೆಗೂ ನಮ್ಮಿಬ್ಬರ ನಡುವೆ ಒಂದು ಮಾತೂ ಆಗುವುದಿಲ್ಲ.

ಸೇನೆಗೆ ಆಯ್ಕೆಯಾದವರು ತರಬೇತಿಗೆ ಹೋಗುವ ಮೊದಲು ನಮ್ಮಲ್ಲಿಗೆ ಬರುತ್ತಾರೆ. ಅವರೆಲ್ಲ ಮಾವನನ್ನು ಮೇಷ್ಟ್ರು ಎನ್ನುತ್ತಾರೆ, ಅವರನ್ನು ಕಂಡರೆ ಮಾವನಿಗೆ ಜೀವ ಬರುತ್ತದೆ.

"ಏನ್ರಯ್ಯಾ, ಬೂಟನ್ನ ಡಬ್ಬದಲ್ಲೇ ಇಟ್ಟು ಮುದ್ದು ಮಾಡ್ತೀರಾ? ಇವತ್ತೇ ಹಾಕ್ಕೊಳ್ಳಿ. ಒಂದು ತಿಂಗಳು ಅದರಲ್ಲೇ ನೀರು ಹೊತ್ಕೊಂಡು ಬನ್ನಿ, ಮೆಟ್ಟಿಲು ಹತ್ತಿ. ಅಲ್ಲಿಗೆ ಹೋಗಿ ಮೊದಲ್ನೇ ಸಲ ಹಾಕ್ಕೊಂಡ್ರೆ ಹಿಮ್ಮಡಿ ಸಿಪ್ಪೆ ಸುಲಿಯುತ್ತೆ."

ಕಾಲ್ಬೆರಳಿನ ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆ ಕೊರೆಯಬಾರದು. ಗುಂಡಿ ಹೊಲಿಯುವುದನ್ನು ಈಗಲೇ ಕಲಿಯಬೇಕು. ಕಾಲಿಗೆ ಗುಳ್ಳೆ ಎದ್ದರೆ ಅದೇ ದಿನ ಹೇಳಬೇಕು. ಮುಚ್ಚಿಟ್ಟವರು ಕೀವು ತುಂಬಿಸಿಕೊಂಡು ವಾಪಸು ಬರುತ್ತಾರೆ. ಮೊದಲ ದಿನದ ಓಟದಲ್ಲಿ ಎಲ್ಲರಿಗಿಂತ ಮುಂದೆ ಓಡಬಾರದು, ಹಿಂದೆಯೂ ಬೀಳಬಾರದು. "ಮಧ್ಯದಲ್ಲಿ ಬೆವರು ಸುರಿಸಿ, ಯಾರ ಕಣ್ಣಿಗೂ ಬೀಳಲ್ಲ" ಎಂದು ಕಣ್ಣು ಮಿಟುಕಿಸುತ್ತಾರೆ.

ಕೊನೆಯದು ಫೋನ್ ನಂಬರು. ಅಲ್ಲಿ ಮೊಬೈಲ್ ತೆಗೆದಿಟ್ಟುಕೊಳ್ಳುತ್ತಾರೆ. ಭಾನುವಾರ ನಾಲ್ಕು ಗಂಟೆಗೆ ಎಲ್ಲರಿಗೂ ಸೇರಿ ಒಂದೇ ಫೋನು, ತಲೆಗೆ ಐದು ನಿಮಿಷ. ನಂಬರು ನೆನಪಿಲ್ಲದವರು ಪಿಳಿಪಿಳಿ ಕಣ್ಣು ಬಿಟ್ಟು ನಿಲ್ಲಬೇಕು. ಆದ್ದರಿಂದ ಎರಡು ನಂಬರು ಬಾಯಿಪಾಠ ಒಪ್ಪಿಸದೆ ಮಾವ ಯಾರಿಗೂ ಟ್ರಂಕು ಕೊಡುವುದಿಲ್ಲ.

ಕಳೆದ ತಿಂಗಳು ಬಂದ ಗುಂಪಿನಲ್ಲಿ ಉದ್ದನೆಯ ಹುಡುಗಿಯೊಬ್ಬಳಿದ್ದಳು. ಜೊತೆಯವರು ಅವಳನ್ನು ಜಿರಾಫೆ ಎನ್ನುತ್ತಿದ್ದರು. ಅವಳ ಸರದಿ ಬಂತು.

"ಹೇಳಮ್ಮ, ಮನೆ ನಂಬರು."

"ಮನೆ ಇಲ್ಲ ಮೇಷ್ಟ್ರೇ."

"ಆಂ?"

"ಅನಾಥಾಶ್ರಮದಲ್ಲಿ ಬೆಳ್ದಿದ್ದು."

"ಜೋರಾಗಿ ಹೇಳು, ನಾಳೆ ಸಿಪಾಯಿ ಆಗೋಳು!"

ಅವಳು ಕುತ್ತಿಗೆ ಚಾಚಿ ಅವರ ಬಲಗಿವಿಗೆ ಕೂಗಿದಳು: "ನಂಗೆ ಯಾರೂ ಇಲ್ಲ!"

ಎದುರಿನ ಟಿಕೆಟ್ ಕಿಟಕಿಯವರೂ ತಿರುಗಿ ನೋಡಿದರು. ಮಾವ ಸ್ವಲ್ಪ ಹೊತ್ತು ಕಾಲುಚೀಲಗಳನ್ನು ಜೋಡಿಸಿದರು. ಆಮೇಲೆ ಅಂಗಡಿಯ ನಂಬರನ್ನು ಅವಳಿಂದ ಏಳು ಸಲ ಹೇಳಿಸಿದರು.

"ನಂಗೆ ಕೇಳ್ಸಲ್ಲ. ನನ್ನ ಸೋದರ ಸೊಸೆ ಎತ್ತುತ್ತಾಳೆ. ಭಾನುವಾರ, ನಾಲ್ಕಕ್ಕೆ."

"ಇವಳಾ? ಇವಳು ಮಾತಾಡ್ತಾಳಾ ಮೇಷ್ಟ್ರೇ?" ಎಂದು ಅವಳು ನಕ್ಕಳು. ನಾನು ಬ್ರಷ್ಷಿನ ತುದಿ ನೋಡುತ್ತಾ ನಿಂತೆ.

ಅವಳು ಹೊರಟ ದಿನ ಸಂಜೆ ಮಾವ ತಾವಾಗಿಯೇ ಮಾತು ತೆಗೆದರು. ಅವರ ತರಬೇತಿಯ ಕಾಲದಲ್ಲಿ ಮನೆಯಲ್ಲಿ ಫೋನಿರಲಿಲ್ಲ. ಆದರೂ ಪ್ರತಿ ಭಾನುವಾರ ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ರಿಸೀವರ್ ಎತ್ತಿ, ನಂಬರು ತಿರುಗಿಸದೆ, ಆ ಕೂಂ ಎನ್ನುವ ಸದ್ದಿಗೇ "ಊಟ ಆಯ್ತಮ್ಮ, ಚೆನ್ನಾಗಿದೀನಿ" ಎಂದು ಹೇಳಿ ಇಡುತ್ತಿದ್ದರಂತೆ. "ನೋಡೋರಿಗೆ ಗೊತ್ತಾಗ್ಬಾರ್ದಲ್ಲ" ಎಂದರು. ಒಂಬತ್ತು ತಿಂಗಳು ಹಾಗೇ ನಡೆಯಿತಂತೆ.

ಹೋದ ಭಾನುವಾರ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಫೋನು ಬಂತು. ಮಾವ ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎತ್ತಿದೆ.

"ಹಲೋ, ನಾನು, ಜಿರಾಫೆ! ಯಾರು, ನೀನೇನಾ?"

ಬಾಯಿ ತೆರೆದೆ. ಮತ್ತೆ ಮುಚ್ಚಿದೆ.

"ಹಲೋ? ಯಾರಾದ್ರೂ ಇದೀರಾ?"

ಅವಳ ಹಿಂದೆ ಯಾರೋ "ಬೇಗ ಮುಗಿಸೇ, ನಮಗೂ ಅಪ್ಪ ಅಮ್ಮ ಇದಾರೆ" ಎಂದರು. ಅವಳು ಇನ್ನೂ ಸ್ವಲ್ಪ ಕಾದಳು. ಅವಳ ಉಸಿರು ಕೇಳುತ್ತಿತ್ತು. "ಆಯ್ತು ಬಿಡು" ಎಂದು ಇಟ್ಟಳು.

"ಏನಂದ್ಲು?" ಎಂದು ಮಾವ ಕೇಳಿದರು. "ಹಿಮ್ಮಡಿ ಹೇಗಿದೆಯಂತೆ?"

ನಾನು ತಲೆಯಾಡಿಸಿ, ಕೈ ಎತ್ತಿ ಚೆನ್ನಾಗಿದೆ ಎಂದು ಸನ್ನೆ ಮಾಡಿದೆ. ಮಾವ ತೊಡೆ ತಟ್ಟಿಕೊಂಡರು. ಆ ದಿನದಿಂದ ಅಂಗಡಿಗೆ ಬಂದವರಿಗೆಲ್ಲ "ನಮ್ಮ ಜಿರಾಫೆ ಫೋನ್ ಮಾಡಿದ್ಲು, ಒಂದು ಗುಳ್ಳೆನೂ ಇಲ್ವಂತೆ" ಎಂದು ಹೇಳುತ್ತಿದ್ದಾರೆ. ಪ್ರತಿ ಸಲ ಕೇಳುವಾಗಲೂ ನಾನು ಟ್ರಂಕಿನ ಹಿಂದೆ ಬಗ್ಗುತ್ತೇನೆ. ಅವಳ ಹಿಮ್ಮಡಿ ನಿಜವಾಗಿ ಹೇಗಿದೆಯೋ ಗೊತ್ತಿಲ್ಲ. ಅವಳು ಇನ್ನೊಮ್ಮೆ ಮಾಡುತ್ತಾಳೋ ಇಲ್ಲವೋ, ಅದೂ ಗೊತ್ತಿಲ್ಲ.

ಇವತ್ತು ಶನಿವಾರ. ಅಂಗಡಿಯ ಬಾಗಿಲು ಎಳೆದ ಮೇಲೆ ಈ ಹಾಳೆಗಳನ್ನು ಮೊದಲು ಮಾವನ ಕೈಗೆ ಕೊಡುತ್ತೇನೆ, ಕೂಗಿ ಹೇಳಲಾಗದ್ದನ್ನು ಅವರು ಓದಿಕೊಳ್ಳಲಿ. ನಾಳೆ ಮೂರೂವರೆಗೇ ಫೋನಿನ ಪಕ್ಕ ಕೂರುತ್ತೇನೆ. ಬಂದರೆ ಎತ್ತಿ, "ಹೂಂ, ನಾನೇ" ಎನ್ನುತ್ತೇನೆ.