ಎಡಗೆನ್ನೆಯ ಇಂಜೆಕ್ಷನ್

ನನ್ನ ದವಡೆ ಕೆಟ್ಟಾಗ ಊರಲ್ಲಿ ಯಾರೂ ಮರುಗಲಿಲ್ಲ. "ಒಳ್ಳೆದಾಯ್ತು, ಇನ್ನು ಸ್ವಲ್ಪ ದಿನ ನಮಗೆ ನೆಮ್ಮದಿ" ಎಂದವರೇ ಹೆಚ್ಚು. ಇಸವಿ ಅರುವತ್ತರ ಆಸುಪಾಸು, ಆಗ ನನಗೆ ಹತ್ತೊಂಬತ್ತು. ಪುತ್ತೂರು–ಸುಳ್ಯ ಬಸ್ಸಿನ ಏಜಂಟರ ಹತ್ತಿರ ಟಿಕೆಟು ಬರೆಯುವ ಕೆಲಸ. ಟಿಕೆಟು ಬರೆದದ್ದಕ್ಕಿಂತ ಏಜಂಟರ ಕೆಮ್ಮನ್ನು ಕೆಮ್ಮಿ ತೋರಿಸಿದ್ದೇ ಜಾಸ್ತಿ. ರಾಮಕುಂಜ ಕಡೆಯ ಪುರೋಹಿತರೊಬ್ಬರ ಆಕಳಿಕೆ, ಪೋಸ್ಟ್ ಮಾಸ್ತರರ ಮೂಗಿನ ಮಾತು, ಎಲ್ಲ ನನ್ನ ಬಾಯಲ್ಲಿ ಸಿದ್ಧ. ಬೇರೆ ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಮೊರದಂಥ ಕಿವಿಯ ನನಗೆ ಅದೂ ಸುಲಭ.

ಅದೇ ಬಾಯಿ ಒಂದು ಬೆಳಿಗ್ಗೆ ತೆರೆಯಲಿಲ್ಲ. ಎಡದವಡೆಯ ಸ್ನಾಯು ಕಲ್ಲಿನ ಹಾಗೆ ಗಟ್ಟಿಯಾಗಿ, ನೋವು ಕಿವಿಯ ತನಕ ಹತ್ತಿತ್ತು. ಪುತ್ತೂರಿನ ಡಾಕ್ಟ್ರು ಬೆರಳು ಮಡಚಿ ತೋರಿಸಿದರು. "ಮೂರು ಬೆರಳು ಹೋಗ್ಬೇಕು ಬಾಯಿಗೆ. ನಿನ್ನದಕ್ಕೆ ಒಂದೇ ಹೋಗುದು. ಎಂತ ಮಾಡ್ತಿ ಈ ಬಾಯಲ್ಲಿ?" ಊರವರನ್ನು ಅಣಕಿಸುವುದನ್ನು ನಾನು ಹಲ್ಲು ಕಚ್ಚಿಕೊಂಡೇ ಹೇಳಿದೆ. ಅವರು ನಗಲಿಲ್ಲ. ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಮದ್ದನ್ನೇ ಸ್ನಾಯುವಿಗೆ ಕೊಟ್ಟರೆ ಬಿಗಿತ ಸಡಿಲಾಗುತ್ತದೆ, ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಎಂದರು.

ಎರಡನೆಯದನ್ನು ಅಮ್ಮ ಬೇಕೆಂದೇ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನಕ್ಕೆ ಇಟ್ಟಳು. ಕಾರಣ ಇತ್ತು. ಹಿಂದೆ ಸುಳ್ಯದಿಂದ ಬಂದಿದ್ದವರಲ್ಲಿ ಹುಡುಗನ ತಾಯಿ ನಮ್ಮ ಮನೆಯ ಕಿಟಕಿ ಎಣಿಸುತ್ತ ನಡೆದಿದ್ದರು. ಅವರು ಕೈತೊಳೆಯಲು ಹೋದದ್ದೇ ತಡ, ನಾನು ಅದೇ ನಡಿಗೆ ನಡೆದು ತೋರಿಸಿದೆ. ಅವರು ನನ್ನ ಹಿಂದೆಯೇ ನಿಂತಿದ್ದರು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಅಕ್ಕ ನನ್ನೊಡನೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಅವಳಿಗೆ ಇಪ್ಪತ್ತನಾಲ್ಕು, ಆಗಿನ ಲೆಕ್ಕದಲ್ಲಿ ತಡ. ಇದೂ ತಪ್ಪಿದರೆ ಇನ್ನೊಂದು ಬರುತ್ತದೆಂಬ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. "ಇಂಜೆಕ್ಷನ್ ಆದ ಮೇಲೆ ಸಿನಿಮಾಕ್ಕೆ ಹೋಗು. ಸಂಜೆ ಬಂದರೆ ಸಾಕು" ಎಂದು ಅಮ್ಮ ಹೇಳಿಯೇ ಕಳಿಸಿದ್ದಳು.

ಈ ಸಲ ಸೂಜಿ ಆಳಕ್ಕೆ ಹೋಯಿತು. ಮೊದಲು ಉರಿ, ಆಮೇಲೆ ಏನೂ ಇಲ್ಲ. ಕೆನ್ನೆ ನನ್ನದಲ್ಲ, ಯಾರೋ ತಂದು ಅಂಟಿಸಿದ ಹಾಗೆ. ಕನ್ನಡಿಯಲ್ಲಿ ಬಾಯಿಯ ಎಡಮೂಲೆ ಜೋತು ಬಿದ್ದಿತ್ತು. "ಎರಡು ಗಂಟೆಯಲ್ಲಿ ಸರಿಯಾಗ್ತದೆ. ಅಷ್ಟರವರೆಗೆ ಏನೂ ಅಗಿಯಬೇಡ" ಎಂದರು ಡಾಕ್ಟ್ರು. ಜೊಲ್ಲು ಒರೆಸಿಕೊಳ್ಳುತ್ತ ಸಿನಿಮಾ ನೋಡುವುದು ಹೇಗೆ? ಸಿಕ್ಕಿದ ಬಸ್ಸು ಹತ್ತಿದೆ. ಹಿತ್ತಿಲಿಂದ ಒಳಗೆ ನುಸುಳಿ ಮಲಗಿಬಿಡುವ ಅಂದಾಜು ನನ್ನದು. ಆದರೆ ಜಗಲಿಯಲ್ಲಿದ್ದ ಅಪ್ಪ ನನ್ನನ್ನು ನೋಡಿಬಿಟ್ಟರು. "ಇವನೇ ಹುಡುಗಿಯ ತಮ್ಮ" ಎನ್ನದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಐವರ್ನಾಡಿನಿಂದ ಬಂದವರು ಮೂವರು: ಹುಡುಗ, ಅವನ ಅಪ್ಪ, ಅವನ ಸೋದರಮಾವ. ಹುಡುಗನ ಅಪ್ಪನ ಮುಖ ನೋಡಿ ನಾನು ನಿಂತಲ್ಲೇ ನಿಂತೆ. ವಾತ ಬಡಿದು ಅವರ ಬಾಯಿಯ ಎಡಮೂಲೆ ಜೋತು ಬಿದ್ದಿತ್ತು. ನನ್ನದೂ ಎಡವೇ.

"ಎಲ್ಲಿಂದ ಬಂದದ್ದು?" ಎಂದು ಅವರು ಕೇಳಿದರು. ಶಬ್ದಗಳು ಬಲಬದಿಯಿಂದ ನುಣುಚಿ ಬಂದವು. ನಾನು "ಪುತ್ತೂರಿಂದ" ಎಂದೆ. ಪಕಾರ ಗಾಳಿಯಾಗಿ, ನನ್ನ ಮಾತೂ ಹಾಗೆಯೇ ಬಲಬದಿಯಿಂದ ನುಣುಚಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರಯತ್ನಪಟ್ಟು ಮಾಡಿದ್ದರೆ ಅಷ್ಟು ಚಂದ ಬರುತ್ತಿರಲಿಲ್ಲ.

ಸೋದರಮಾವ ಎದ್ದೇಬಿಟ್ಟರು. "ಎಂತ ಮಾರಾಯ, ತಮಾಷೆಯಾ? ಮಾಷ್ಟ್ರೇ, ನಿಮ್ಮ ಮಗನ ಸಂಗತಿ ನಾವು ಕೇಳಿದ್ದುಂಟು. ನಮ್ಮ ಎದುರೇ ಮಾಡ್ತಾನೆ ಅಂತ ಗೊತ್ತಿರ್ಲಿಲ್ಲ."

"ಅಲ್ಲ, ಇಂಜೆಕ್ಷನ್..." ಎಂದೆ. ಅದು ಇನ್ನೂ ಕೆಟ್ಟದಾಗಿ ಬಂತು. ಅಪ್ಪ ಶಾಲೆಯಲ್ಲಿ ಇನ್ನೂರು ಮಕ್ಕಳನ್ನು ಒಂದು ಕಣ್ಣಲ್ಲಿ ಸುಮ್ಮನಾಗಿಸುವವರು. ಈಗ ನೆಲ ನೋಡುತ್ತಿದ್ದರು. ಒಳಗೆ ಬಳೆಯ ಸದ್ದು ನಿಂತಿತು. ಹೆದರಬೇಕಿತ್ತು ನಾನು. ಏನೂ ಅನಿಸಲಿಲ್ಲ. ಮದ್ದು ಎದೆಗೂ ಇಳಿಯಿತೋ ಏನೋ.

"ಕೂತ್ಕೊಳ್ಳಿ ಭಾವ" ಎಂದರು ಹುಡುಗನ ಅಪ್ಪ. ಎಲೆಅಡಿಕೆಯ ಹರಿವಾಣ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ, ನನ್ನ ಕಡೆ ಹಿಡಿದರು. ಸಂಬಂಧ ಕೂರಿಸುವ ಹೊತ್ತಿನಲ್ಲಿ ಹಿರಿಯರು ಕೈಯಾರೆ ಕೊಟ್ಟ ವೀಳ್ಯ ಬೇಡ ಎಂದರೆ ಸಂಬಂಧವೇ ಬೇಡ ಎಂದ ಹಾಗೆ. ಡಾಕ್ಟ್ರ ಮಾತು ನೆನಪಿತ್ತು. ತೆಗೆದುಕೊಂಡು ಬಾಯಿಗಿಟ್ಟೆ. ಚೆನ್ನಾಗಿ ಅಗಿದೆ. ಗೌರವ ಕೊಟ್ಟದ್ದು ಕಾಣಲಿ ಎಂದು ಇನ್ನಷ್ಟು ಅಗಿದೆ.

ಎಲ್ಲರೂ ಜಗಿಯುತ್ತಿದ್ದರು, ಎಲ್ಲರ ಬಾಯಿಯೂ ಕೆಂಪು. ನನ್ನ ಗಲ್ಲದ ಮೇಲೆ ಇಳಿದದ್ದೂ ಅದೇ ಎಂದುಕೊಂಡೆ. ಹುಡುಗನ ಅಪ್ಪ ಒಬ್ಬರೇ ನನ್ನನ್ನು ನೋಡುತ್ತಿದ್ದರು.

"ನಿಲ್ಸು. ಉಗುಳು."

ಅಂಗಳದ ಬದಿಗೆ ಹೋಗಿ ಉಗುಳಿದೆ. ಎಲೆಯ ಜೊತೆ ಕೆನ್ನೆಯ ಚೂರೊಂದು ಬಿತ್ತು. ರಕ್ತ ಹರಿಯುತ್ತಲೇ ಇತ್ತು. ನೋವಿರಲಿಲ್ಲ. ಬೇರೆ ಯಾರದೋ ರಕ್ತ ನೋಡಿದ ಹಾಗಿತ್ತು.

ಅವರು ಹಿಂದೆಯೇ ಬಂದು, ಬೆರಳಲ್ಲಿ ತಮ್ಮ ಕೆನ್ನೆಯನ್ನು ಎಳೆದು ಒಳಗಿನ ಬಿಳಿ ಕಲೆಗಳನ್ನು ನನಗೆ ತೋರಿಸಿದರು. "ವಾತ ಬಡಿದ ಮೊದಲ ತಿಂಗಳು ನಾನು ಅನ್ನಕ್ಕಿಂತ ಜಾಸ್ತಿ ತಿಂದದ್ದು ಇದನ್ನೇ. ಬಲಗಡೆ ಅಗಿಯಬೇಕು ಮಗ." ಆಮೇಲೆ ಜಗಲಿಗೆ ಕೇಳುವಂತೆ, "ಅಣಕಿಸುವವ ಕೆನ್ನೆ ಕಡಿದುಕೊಳ್ತಾನಾ ಭಾವ? ಇವನ ಬಾಯಿ ನಿಜವಾಗಿ ಸತ್ತಿದೆ. ಹುಡುಗಿಯನ್ನು ಕರೀರಿ."

ಅಕ್ಕ ಕಾಫಿ ತಂದಳು. ಕಣ್ಣು ಊದಿತ್ತು. ನಾಚಿಕೆ ಎಂದುಕೊಂಡರು ಬಂದವರು. ಒಳಗೆ ಅವಳಿಗೆ ಕೇಳಿಸಿದ್ದು ಒಂದೇ ಥರದ ಎರಡು ಸ್ವರ, ಒಂದು ನನ್ನದು; ನಾನು ಮತ್ತೆ ಅಣಕಿಸಿದೆನೆಂದೇ ಅವಳ ಲೆಕ್ಕ. ನನ್ನ ಮುಂದೆ ಲೋಟ ಇಡದೆ ದಾಟಿಹೋದಳು.

ಅವರು ಒಪ್ಪಿಗೆ ಹೇಳಿ ಹೋದ ಮೇಲೆ ಅಮ್ಮ ಅವಳಿಗೆ ಎಲ್ಲ ವಿವರಿಸಿದಳು. ಅಕ್ಕ ಬಿಸಿನೀರಿಗೆ ಉಪ್ಪು ಹಾಕಿ ತಂದು ನನ್ನ ಎದುರು ಹಿಡಿದು ನಿಂತಳು.

"ನೋವುಂಟಾ?" ಎಂಟು ತಿಂಗಳ ಮೇಲಿನ ಮೊದಲ ಮಾತು.

"ಈಗ ಶುರುವಾಗ್ತಾ ಉಂಟು."

ಬಾಯಿ ಮುಕ್ಕಳಿಸಿ ಮುಗಿಯುವವರೆಗೆ ಕಾದಳು. ಬಾಗಿಲ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿದಳು. "ನನಗೆ ತಲೆ ಎತ್ತಿ ನೋಡ್ಲಿಕ್ಕಾಗ್ಲಿಲ್ಲ. ಆ ಹುಡುಗನ ಮಾತು ಹೇಗುಂಟು? ಒಮ್ಮೆ ಮಾಡಿ ತೋರ್ಸು."

ಬಾಯಿ ತೆರೆದೆ. ನಾಲಗೆಗೆ ಅವನ ಅಪ್ಪನ ಸ್ವರ ಬಂತು, ಸೋದರಮಾವನ ಸ್ವರ ಬಂತು. ಅವನದೊಂದು ಸ್ವರಕ್ಕಾಗಿ ತಡಕಿದೆ. ಬಂದಾಗಿನಿಂದ ಹೋಗುವವರೆಗೆ ಅವನು ಒಂದು ಶಬ್ದವನ್ನೂ ಆಡಿರಲಿಲ್ಲ.

"ಅವ ಮಾತಾಡ್ಲೇ ಇಲ್ಲ ಅಕ್ಕ."

"ಹ್ಞೂಂ" ಎಂದಳು. ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ತೊಳೆಯಲು ಹೋದಳು.