ಬಟ್ಟಲಿಗೆ ಬಾರದ ವೈನ್

ಶಿಗೆನೊಬು ಹುಟ್ಟಿದ್ದು ದ್ರಾಕ್ಷಿ ಚಪ್ಪರದ ಕೆಳಗೇ ಎಂದು ಅವನ ತಾಯಿ ತೊಕು ಹೇಳುತ್ತಿದ್ದಳು. ಇದ್ದರೂ ಇರಬಹುದು. ಗೊಂಚಲು ಗೊಂಚಲಿಗೂ ಮಳೆ ತಾಗದಂತೆ ಮೇಣಕಾಗದದ ಕೊಡೆ ಕಟ್ಟುವ ದಿನಗಳಲ್ಲಿ, ಜಪಾನಿನ ಯಮನಾಶಿಯ ನಮ್ಮ ಕಣಿವೆಯ ಹೆಂಗಸರಿಗೆ ಹೆರಿಗೆಗೂ ಪುರಸೊತ್ತಿರಲಿಲ್ಲ.

ವೈನ್ ಆಗ ಊರಿನದೇ ಆಗಿತ್ತು. ದ್ರಾಕ್ಷಿ ಕೊಟ್ಟ ಮನೆಗಳಿಗೆ ಬೆಳೆಗಾರರ ಸಂಘವು ಅಕ್ಕಿಯ ಮದ್ಯವಾದ ಸಾಕೆಯ ದೊಡ್ಡ ಸೀಸೆಗಳಲ್ಲಿ ವೈನ್ ತುಂಬಿ ಮರಳಿಸುತ್ತಿತ್ತು. ಚಹಾದ ಬಟ್ಟಲಿಗೆ ಸುರಿದುಕೊಂಡು, ಉಪ್ಪಿನಕಾಯಿ ಕಚ್ಚಿಕೊಂಡು ಕುಡಿಯುವುದು. ಯಾರಾದರೂ ಸತ್ತರೆ ಅವರದೇ ಬಟ್ಟಲನ್ನು ತುಂಬಿಸಿ ಪಟದ ಮುಂದೆ ಇಡುವುದು. ಪೇಟೆಯವರು ಅದನ್ನು ಹುಳಿನೀರು ಎನ್ನುತ್ತಿದ್ದರು. ನಾವು ಕುಡಿಯುತ್ತಲೇ ಒಪ್ಪಿಕೊಳ್ಳುತ್ತಿದ್ದೆವು.

ಸಂಘದ ಅಧ್ಯಕ್ಷನಾದ ಶಿಗೆನೊಬು ಫ್ರಾನ್ಸಿಗೆ ಹೋಗಿ ಬಂದ. ಹೋಗುವಾಗ ಮನುಷ್ಯನಾಗಿದ್ದವನು ಬರುವಾಗ ಬರೀ ಮೂಗಾಗಿದ್ದ. ಲೋಟ ಕೈಗೆ ಬಂದರೆ ಮೊದಲು ತಿರುಗಿಸಿ ಮೂಸುವುದೇ ಕೆಲಸ. ದೊಡ್ಡ ಸೀಸೆಗಳು ನಿಂತವು. ಸಪೂರ ಸೀಸೆ ಬಂತು, ಅದರ ಮೇಲೆ ಬೆಳ್ಳಿ ಅಂಚಿನ ಚೀಟಿ ಬಂತು, ಕೊನೆಗೆ ಲಂಡನ್ನಿನ ಪದಕವೂ ಬಂತು. ಟೋಕಿಯೋದ ಹೋಟೆಲುಗಳು ಚಪ್ಪರ ಚಿಗುರುವ ಮೊದಲೇ ವರ್ಷದ ವೈನನ್ನೆಲ್ಲ ಕಾದಿರಿಸಿದವು.

"ನನ್ನ ಪಾಲಿನ ಸೀಸೆ ಎಲ್ಲೋ?" ಎಂದಳು ತೊಕು.

"ಇದನ್ನ ಬಟ್ಟಲಲ್ಲಿ ಕುಡೀಬಾರದಮ್ಮ. ಪರಿಮಳಕ್ಕೆ ಜಾಗ ಬೇಕು."

"ನನ್ನ ಹೊಟ್ಟೇಲಿ ಬೇಕಾದಷ್ಟು ಜಾಗ ಇದೆ. ಸುರಿ."

ಅವನು ಸುರಿಯಲಿಲ್ಲ.

"ಸತ್ತ ದಿನವಾದ್ರೂ ತುಂಬಿಸ್ತೀಯೇನೋ?"

"ಅಂಚಿನವರೆಗೂ ತುಂಬಿಸ್ತೀನಮ್ಮ."

ಎಲೆಗಳು ಹಳದಿಯಾದಾಗ ತೊಕು ಹೋದಳು. ಶಿಗೆನೊಬು ತನ್ನ ಬಳಿ ಉಳಿದಿದ್ದ ಸೀಸೆಗಳನ್ನೆಲ್ಲ ವೈನ್ ಬಗ್ಗೆ ಬರೆಯುವ ಟೋಕಿಯೋದ ದೊಡ್ಡ ಮನುಷ್ಯನೊಬ್ಬನಿಗೆಂದು ಎತ್ತಿಟ್ಟಿದ್ದ. ಆತ ಅದೇ ವಾರ ಬಂದಿಳಿದವನು, ಮರ್ಯಾದೆಗೆಂದು ಕಪ್ಪು ಟೈ ಕಟ್ಟಿಕೊಂಡು ಸಾವಿನ ಮನೆಗೂ ಬಂದು ಕುಳಿತ. ಶಿಗೆನೊಬು ತಾಯಿಯ ಪಟದ ಮುಂದೆ ತೆಳುಗಾಜಿನ ಲೋಟವನ್ನಿಟ್ಟ. ಅದರ ತಳದಲ್ಲಿ ಒಂದು ಗುಟುಕು ವೈನ್.

ನೆರೆಮನೆಯ ಕಿನುಯೊ ಬಗ್ಗಿ ನೋಡಿದಳು. "ಇದೇನೋ ಶಿಗೆ, ಕೆಮ್ಮಿನ ಔಷಧಿಯಾ?"

"ರುಚಿ ನೋಡೋ ಅಳತೆ, ಅಕ್ಕ."

"ನಿಮ್ಮಮ್ಮ ಏನು, ನಿನ್ನ ಹಾಗೆ ರುಚಿ ನೋಡಿ ಉಗಿಯೋಕೆ ಹೊರಟಿದಾಳಾ?"

ಅವಳು ಮನೆಗೆ ಹೋಗಿ, ಉಪ್ಪಿನಕಾಯಿ ಕೋಣೆಯಲ್ಲಿ ಬಚ್ಚಿಟ್ಟಿದ್ದ ಹಳೆಯ ದೊಡ್ಡ ಸೀಸೆಯೊಂದನ್ನು ಮಗುವಿನಂತೆ ಎತ್ತಿಕೊಂಡು ಬಂದಳು. ಹಳತಾಗಿ ಕಂದುಬಣ್ಣಕ್ಕೆ ತಿರುಗಿದ್ದ ವೈನಿನಿಂದ ತೊಕುವಿನ ಬಟ್ಟಲು ಅಂಚಿನವರೆಗೆ ತುಂಬಿತು. ಬಂದವರಿಗೂ ಸಿಕ್ಕಿತು. ಸಾವಿನ ಮನೆಯಲ್ಲಿ ಬೇಡವೆನ್ನಲಾಗದೆ ಟೋಕಿಯೋದವನೂ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಇನ್ನೊಂದು ಗುಟುಕು ಕುಡಿದ.

"ಅಧ್ಯಕ್ಷರೇ, ಇದನ್ನ ನನಗೆ ಯಾಕೆ ತೋರಿಸಲಿಲ್ಲ?"

ಶಿಗೆನೊಬು ತಲೆ ತಗ್ಗಿಸಿದ. ದುಃಖವೆಂದುಕೊಂಡೆವು. ಅವನು ಯೋಚಿಸುತ್ತಿದ್ದ. "ಇದು... ನಾವು ಹೊರಗಿನವರಿಗೆ ಕೊಡದ ವೈನ್," ಎಂದ.

ಮುಂದಿನ ವಸಂತದಲ್ಲಿ ಅವನು ಮನೆಮನೆಗೆ ಹೋಗಿ ಕುಡಿಯದೆ ಉಳಿದಿದ್ದ ಹಳೆಯ ಸೀಸೆಗಳನ್ನು ಕೊಂಡ. ನಾವು ಮಾರಿದೆವು, ಹುಳಿನೀರಿಗೆ ಅಂಥ ಬೆಲೆ ಯಾರು ಕೊಡುತ್ತಾರೆ? ಅದು 'ತೊಕು' ಎಂಬ ಹೆಸರಿನಲ್ಲಿ, ಮರದ ಪೆಟ್ಟಿಗೆಯಲ್ಲಿ, ಜೊತೆಗೊಂದು ಮಣ್ಣಿನ ಬಟ್ಟಲನ್ನೂ ಇಟ್ಟುಕೊಂಡು ಟೋಕಿಯೋಗೆ ಹೋಯಿತು. ಚೀಟಿಯ ಮೇಲೆ ತೊಕು ಅಜ್ಜಿಯ ನಗು. ಬಟ್ಟಲಲ್ಲೇ ಕುಡಿಯಬೇಕು, ಗಾಜಿನಲ್ಲಿ ಅದರ ಆತ್ಮ ಕೆಡುತ್ತದೆ ಎಂದು ಶಿಗೆನೊಬು ಪತ್ರಿಕೆಯವರಿಗೆ ಹೇಳಿದ.

ತೊಕುವಿನ ವರ್ಷದ ದಿನ ಬಂದಾಗ 'ತೊಕು' ಮುಗಿದಿತ್ತು, ಸಪೂರ ಸೀಸೆಗಳೂ ಹೋಟೆಲುಗಳ ಪಾಲಾಗಿದ್ದವು. ಅವನು ತಾಯಿಯ ಬಟ್ಟಲು ಹಿಡಿದು ಕಿನುಯೊಳ ಬಾಗಿಲಿಗೆ ಹೋದ.

"ಒಂದು ಸೀಸೆ ಇದೆ," ಎಂದಳು ಅವಳು. "ಅದು ನನ್ನ ಬಟ್ಟಲಿಗೆ. ನಾನು ಸತ್ತಾಗ ಅದನ್ನ ನಿನ್ನ ಕೈಗೆ ಮಾತ್ರ ಕೊಡಬೇಡ ಅಂತ ಸೊಸೆಗೆ ಹೇಳಿಟ್ಟಿದೀನಿ."

ಅಂದು ಪಟದ ಮುಂದಿನ ಬಟ್ಟಲಲ್ಲಿ ಬಾರ್ಲಿ ಚಹಾ ಇತ್ತು. ಬಣ್ಣವೇನೋ ಹೊಂದುತ್ತಿತ್ತು. ಅಲ್ಲಿ ಇಡುವ ಮೊದಲು ಶಿಗೆನೊಬು, ಅಭ್ಯಾಸ ಬಿಡದೆ, ಬಟ್ಟಲನ್ನು ಮೆಲ್ಲಗೆ ತಿರುಗಿಸಿ ಮೂಸಿ ನೋಡಿದ.